ಕಮಲಾಳ ಕಿವಿಗೊಂದು ಕಹಳೆ

ಆಗ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಹಾಲ್‌ನಲ್ಲಿ ನಿಂತು ಕೆಮ್ಮಿದರೆ ಪಕ್ಕದ ಸಿದ್ದಾಪುರದವರು ಶುಂಠಿ ಕಷಾಯ ಕಾಯಿಸುತ್ತಾರೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಅಷ್ಟು ನಿಶ್ಶಬ್ದದ ಬಡಾವಣೆ. ಅಂಥ ಕಡೆ ವಾಸವಿದ್ದೂ ನನ್ನ ಹೆಂಡತಿ ಕಮಲಾಗೆ ಹೆಚ್ಚುಕಮ್ಮಿ ಏನೂ ಕೇಳಿಸುತ್ತಿರಲಿಲ್ಲ.

ಮದುವೆಯಾದ ಕೆಲವೇ ವರ್ಷಗಳಲ್ಲಿ ಅವಳಿಗೆ ಕ್ಷಯ ಬಂತು. ಸ್ಯಾನಿಟೋರಿಯಂನಲ್ಲಿ ತಿಂಗಳುಗಟ್ಟಲೆ ಇಂಜೆಕ್ಷನ್ ಚುಚ್ಚಿಸಿಕೊಂಡು ಬದುಕಿ ಬಂದಳು. ಪ್ರಾಣ ಉಳಿಸಿದ ಆ ಔಷಧಿಯೇ ಕಿವಿಯನ್ನು ತೆಗೆದುಕೊಂಡು ಹೋಯಿತು. ಎದುರಿಗೆ ನಿಂತು ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ಕಾಯಿಲೆಗೆ ಮುಂಚೆ ಅವಳು ಬೀದಿಯ ಹೆಣ್ಣುಮಕ್ಕಳಿಗೆಲ್ಲ ಸಂಗೀತ ಹೇಳಿಕೊಡುತ್ತಿದ್ದವಳು. ಈಗ ನಾನು ರೇಡಿಯೋ ತಿರುಗಿಸಿದ್ದು ಕಂಡರೆ ಸಾಕು, ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಒಂದು ದಿನ ಅವಳ ಗೆಳತಿ ಲಲಿತಾ ಬಂದಳು. ಇಬ್ಬರೂ ಒಬ್ಬರೇ ಗುರುಗಳ ಹತ್ತಿರ ಪಾಠ ಕಲಿತವರು. ರೇಡಿಯೋದಲ್ಲಿ ಲಲಿತಾಳ ಮೊದಲ ಸಂಗೀತ ಕಚೇರಿ ನಿಗದಿಯಾಗಿತ್ತು. ಅದನ್ನು ಹೇಳುವಾಗ ಅವಳ ಮುಖದಲ್ಲಿ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಿತ್ತು. ಕಮಲಾ ಅವಳಿಗೆ ಕುಂಕುಮ ಕೊಟ್ಟು, ಹೂವು ಮುಡಿಸಿ, "ಚೆನ್ನಾಗಿ ಹಾಡೇ. ನಾನು ಕೇಳ್ತೀನಿ" ಅಂದಳು. ಲಲಿತಾ ಹೋದ ಮೇಲೆ ಹಿತ್ತಲ ಮೆಟ್ಟಿಲ ಮೇಲೆ ಕೂತವಳು ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ.

ನಾನು ಅವಳ ಎದುರಿಗೆ ಹೋಗಿ ನಿಂತು, ಎದೆಯುಬ್ಬಿಸಿ ಹೇಳಿದೆ: "ಕೇಳಿಸ್ತೀನಿ ಕಣೇ. ನಾನಿದ್ದೀನಿ!"

ನಾನು ಎಂದರೆ ಯಾರು? ಒಂದು ಸರ್ಕಾರಿ ಕಚೇರಿಯ ಗುಮಾಸ್ತ. ವಿದ್ಯುಚ್ಛಕ್ತಿಯ ಕ್ಷೇತ್ರದಲ್ಲಿ ನನ್ನ ಸಾಧನೆಯೆಂದರೆ ಫ್ಯೂಸ್ ಕಟ್ಟಲು ಹೋಗಿ ಇಡೀ ಸಾಲಿನ ದೀಪಗಳನ್ನು ಆರಿಸಿದ್ದು! ಆದರೆ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಒಂದು ಲೇಖನ ಓದಿದ್ದೆ. ಕಹಳೆಯ ಹಾಗೆ ಅಗಲವಾಗುತ್ತ ಹೋಗುವ ಮರದ ಪೆಟ್ಟಿಗೆ ಮಾಡಿ, ಅದರ ಕಿರಿದಾದ ತುದಿಗೆ ಸ್ಪೀಕರ್ ಕೂರಿಸಿದರೆ ಸಣ್ಣ ಸದ್ದೂ ದೊಡ್ಡದಾಗಿ ಹೊರಬರುತ್ತದಂತೆ. ಹಾಗೆ ಕೂರಿಸುವ ಸ್ಪೀಕರಿಗೆ ಡ್ರೈವರ್ ಎಂದು ಹೆಸರು. 'ತಕ್ಕ ಡ್ರೈವರನ್ನು ಆರಿಸಿಕೊಳ್ಳುವುದೇ ಕಷ್ಟ' ಎಂದು ಲೇಖಕರು ಎಚ್ಚರಿಸಿದ್ದರು. ಅದಕ್ಕೇನಂತೆ, ಆರಿಸಿದರಾಯಿತು!

ಹಲಗೆ ತಂದು ಹಾಲ್‌ನಲ್ಲೇ ಪೆಟ್ಟಿಗೆ ಕಟ್ಟಲು ಶುರು ಮಾಡಿದೆ. ಮುಗಿದಾಗ ಅದರ ಬಾಯಿಯ ಮುಂದೆ ನಿಂತು ನೋಡಿದವರು ಚಪ್ಪಲಿ ಬಿಟ್ಟು ಕೈಮುಗಿಯುವುದೊಂದು ಬಾಕಿ. ಅದು ನಮ್ಮ ಮನೆಯ ಬಾಗಿಲಿಗಿಂತ ಅಗಲವಾಗಿದೆ ಎಂಬ ವಿಷಯ ಆಮೇಲೆ ಗಮನಕ್ಕೆ ಬಂತು. ಮುಂದೆ ಅದು ಮನೆ ಬಿಟ್ಟು ಹೋದದ್ದು ಎರಡು ಹೋಳಾಗಿಯೇ.

ಎದುರುಮನೆಯ ಮುನಿಯಪ್ಪನವರಿಗೆ ಸುದ್ದಿ ಮುಟ್ಟಿತು. ನಮ್ಮ ಬೀದಿಯೆಲ್ಲ ಒಂದು ಕಾಲಕ್ಕೆ ಅವರ ರಾಗಿ ಹೊಲ. ಹೊಲ ಹೋದರೂ ಅವರು ಹಸು ಕಟ್ಟುವುದನ್ನು ಬಿಟ್ಟಿರಲಿಲ್ಲ. ಒಂದು ಬೆಳಗ್ಗೆ ಖಾಕಿ ಅಂಗಿಯ ದಾಂಡಿಗನೊಬ್ಬನನ್ನು ಕರೆದುಕೊಂಡು ಬಂದರು.

"ಸಾಮಿ, ಡ್ರೈವರ್ ಹುಡುಕ್ತಾ ಇದ್ದೀರಂತೆ. ಇವ್ನು ನನ್ನ ತಂಗಿ ಮಗ. ಲಾರಿ ಓಡಿಸ್ತಾನೆ. ಕಾರೆಲ್ಲೈತೆ?"

"ಕಾರಿಲ್ಲ ಮುನಿಯಪ್ಪನೋರೆ. ಡ್ರೈವರ್ ಬೇಕಾಗಿರೋದು ಈ ಪೆಟ್ಟಿಗೆಗೆ."

ಮಾವ ಅಳಿಯ ಇಬ್ಬರೂ ಪೆಟ್ಟಿಗೆಯನ್ನು ಬಗ್ಗಿ ನೋಡಿದರು. "ಇದ್ರೊಳಗೆ ನಾನು ಕೂರಕ್ಕಾಗಲ್ಲ ಮಾವ" ಎಂದು ಅಳಿಯ ಹಿಂದೆ ಸರಿದ.

ನಿಜವಾದ ಡ್ರೈವರುಗಳಿಗಾಗಿ ನಾನು ಸಿದ್ದಾಪುರದ ಸತ್ತಾರ್ ಸಾಹೇಬರ ಅಂಗಡಿಗೆ ಹೋದೆ. ರೇಡಿಯೋ ರಿಪೇರಿ ಮಾಡುತ್ತ, ಮದುವೆ ಮನೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವರು ಅವರು. ಕಹಳೆಯ ವಿಷಯ ನನಗೆ ಎಷ್ಟು ಗೊತ್ತಿತ್ತೋ ಅವರಿಗೂ ಅಷ್ಟೇ ಗೊತ್ತಿತ್ತು. ಧೈರ್ಯ ಮಾತ್ರ ನನಗಿಂತ ಜಾಸ್ತಿ! ರೇಡಿಯೋದ ಸದ್ದು ಹೆಚ್ಚಿಸಲು ತಮ್ಮದೇ ಆಂಪ್ಲಿಫೈಯರ್ ಕೊಟ್ಟರು. ಜೊತೆಗೆ ಹಳೆಯ ರೇಡಿಯೋ ಒಂದರಿಂದ ಬಿಚ್ಚಿದ ಪುಟ್ಟ ಸ್ಪೀಕರನ್ನು ಕೈಗಿಟ್ಟು, "ಜೇನು ಸಾರ್, ಜೇನು!" ಅಂದರು.

ಮನೆಗೆ ಬಂದು ಅದನ್ನು ಕೂರಿಸಿ ಸ್ವಿಚ್ ಹಾಕಿದೆ. ಹಪ್ಪಳ ಮುರಿದ ಸದ್ದಾಯಿತು. ಆಂಪ್ಲಿಫೈಯರಿನ ಹೊಡೆತಕ್ಕೆ ಆ ಜೇನಿನೊಳಗೆ ಅದುರಿ ಸದ್ದು ಮಾಡುವ ಕಾಗದ ಮಧ್ಯಕ್ಕೆ ಹರಿದಿತ್ತು.

"ಹಾಗಾದ್ರೆ ಗಟ್ಟಿ ಮಾಲೇ ಬೇಕು" ಎಂದು ಸಾಹೇಬರು ಈ ಸಲ ಮೈಕ್ ಸೆಟ್ಟಿನ ಕಬ್ಬಿಣದ ಡ್ರೈವರ್ ಕೊಟ್ಟರು. ಅದರಲ್ಲಿ ಹರಿಯುವುದಕ್ಕೆ ಕಾಗದವೇ ಇರಲಿಲ್ಲ. ಕೂರಿಸಿದೆ. ಕಮಲಾ ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಅವಳಿಗೆ ಅಚ್ಚರಿಯಾಗಲಿ ಎಂದು ಹೇಳದೆ ಕೇಳದೆ ಸ್ವಿಚ್ ಹಾಕಿಬಿಟ್ಟೆ.

ರೈತರ ಕಾರ್ಯಕ್ರಮ ಬರುತ್ತಿತ್ತು. ಕಂಬಳಿಹುಳದ ಹತೋಟಿಯ ಬಗ್ಗೆ ಯಾರೋ ಮಹನೀಯರು ಸೌಮ್ಯವಾಗಿ ಮಾತಾಡುತ್ತಿದ್ದಿರಬೇಕು. ನನ್ನ ಕಹಳೆಯಿಂದ ಅದು ತಗಡಿನ ಮೇಲೆ ಮೊಳೆ ಎಳೆದ ಹಾಗೆ ಕಿರುಚಿಕೊಂಡು ಹೊರಬಂತು. ಮುನಿಯಪ್ಪನವರ ಹಸು ಹಗ್ಗ ಕಿತ್ತುಕೊಂಡು ಬನಶಂಕರಿಯ ದಿಕ್ಕಿಗೆ ಓಡಿತು. ಹಸುವಿನ ಹಿಂದೆ ಮುನಿಯಪ್ಪನವರು ಓಡಿದರು. ಅಕ್ಕಪಕ್ಕದವರೆಲ್ಲ ಬಂದು ನಮ್ಮ ಗೇಟಿನ ಹತ್ತಿರ ಗುಂಪುಗೂಡಿದರು. ನಾನು ಗಾಬರಿಯಲ್ಲಿ ಸ್ವಿಚ್ ಯಾವುದೆಂದೇ ಮರೆತು ಎಲ್ಲವನ್ನೂ ತಿರುಗಿಸಿದೆ. ಕಂಬಳಿಹುಳ ಇನ್ನೂ ಜೋರಾಯಿತು!

ಆಗ ಕಮಲಾ ಸೌಟು ಹಿಡಿದುಕೊಂಡು ಹಾಲ್‌ಗೆ ಬಂದಳು. ಕಿಟಕಿಯಾಚೆ ಜನ ನಿಂತಿದ್ದು ಕಂಡು ಅವಳ ಮುಖ ಬಿಳಿಚಿತು.

"ರೀ, ಯಾಕೆ ಎಲ್ಲಾ ಬಂದಿದ್ದಾರೆ? ಯಾರಿಗೇನಾಯ್ತು?"

ಇಡೀ ಬಡಾವಣೆಗೆ ಕೇಳಿಸಿತ್ತು. ಪೆಟ್ಟಿಗೆಯ ಪಕ್ಕದಲ್ಲೇ ನಿಂತಿದ್ದ ಅವಳೊಬ್ಬಳನ್ನು ಬಿಟ್ಟು. ನಾನು ವೈರನ್ನೇ ಕಿತ್ತೆಸೆದು, "ಏನಿಲ್ಲ ಕಣೇ, ಹಸು ತಪ್ಪಿಸ್ಕೊಂಡಿದೆ" ಅಂದೆ. ಅದು ಸುಳ್ಳಂತೂ ಅಲ್ಲ.

ಆ ವಾರ ನಾನು ಪೆಟ್ಟಿಗೆಯ ಕಡೆ ತಿರುಗಿ ನೋಡಲಿಲ್ಲ. ಒಂದು ಬೆಳಗ್ಗೆ ಕಮಲಾ ಹೂವು ಬಿಡಿಸುತ್ತಿದ್ದವಳು ತಟ್ಟನೆ ತಲೆಯೆತ್ತಿ, "ಮುನಿಯಪ್ಪನೋರ ಮನೇಲಿ ಏನೋ ಕುಟ್ತಾ ಇದ್ದಾರೆ, ಅಲ್ವೇನ್ರೀ?" ಅಂದಳು. ನಿಜ, ಅಲ್ಲಿ ಒನಕೆಯಲ್ಲಿ ಕುಟ್ಟುತ್ತಿದ್ದರು! ದಪ್ಪ ಸದ್ದು ಅವಳ ಕಿವಿಗೆ ಇನ್ನೂ ಸ್ವಲ್ಪ ಇಳಿಯುತ್ತಿತ್ತು. ಹೋಗಿದ್ದು ತೆಳುವಾದ, ಮೇಲಿನ ಸ್ಥಾಯಿಯ ಸದ್ದುಗಳು. ನಾನು ತಿಂಡಿಯನ್ನೂ ತಿನ್ನದೆ ಸಿದ್ದಾಪುರಕ್ಕೆ ಓಡಿದೆ.

"ದಪ್ಪ ಸದ್ದಾ ಸಾರ್? ಮೊದ್ಲೇ ಹೇಳಬಾರ್ದಾ!" ಎಂದರು ಸತ್ತಾರ್ ಸಾಹೇಬರು. ಮುಚ್ಚಿಹೋದ ಟೆಂಟ್ ಸಿನಿಮಾ ಒಂದರ ಸ್ಪೀಕರ್ ಅವರ ಅಟ್ಟದಲ್ಲಿತ್ತು. ಮೊರದಷ್ಟು ಅಗಲ, ಒರಳಿನಷ್ಟು ಭಾರ. ಅದು ಪೆಟ್ಟಿಗೆಯ ಕಿರಿದಾದ ತುದಿಗೆ ಹಿಡಿಸಲಿಲ್ಲವೆಂದು ತುದಿಯನ್ನೇ ಕತ್ತರಿಸಿದೆ. ಶಾಸ್ತ್ರಪ್ರಕಾರ ಅದು ಈಗ ಕಹಳೆಯೇ ಅಲ್ಲ. ಆದರೂ ಹಾಕಿ ನೋಡಿದರೆ ಗೋಡೆಯ ಕ್ಯಾಲೆಂಡರ್ ನಡುಗಿತು, ಅಡುಗೆಮನೆಯಲ್ಲಿ ಲೋಟಗಳು ಮಾತಾಡಿಕೊಂಡವು. ವಾರ್ತೆ ಓದುವವರು ಬಾವಿಯೊಳಗೆ ಬಿದ್ದು ಅಲ್ಲಿಂದಲೇ ಕರ್ತವ್ಯ ನಿಭಾಯಿಸುತ್ತಿದ್ದಂತಿತ್ತು.

ಲಲಿತಾಳ ಕಚೇರಿಯ ಸಂಜೆ ಕಮಲಾ ರೇಷ್ಮೆ ಸೀರೆ ಉಟ್ಟು, ಪೆಟ್ಟಿಗೆಯ ಮುಂದೆ ಚಾಪೆ ಹಾಸಿಕೊಂಡು ಕೂತಳು. ಹಸು ಸಿಕ್ಕಿದ್ದರಿಂದ ಕೋಪ ಮರೆತಿದ್ದ ಮುನಿಯಪ್ಪನವರೂ ಬಂದು ಜಗಲಿಯ ಮೇಲೆ ಕೂತರು. ರೇಡಿಯೋದಲ್ಲಿ ಲಲಿತಾಳ ಹೆಸರು ಹೇಳಿದರು. ತಂಬೂರಿ ಶುರುವಾಯಿತು, ಪಿಟೀಲು ಸೇರಿಕೊಂಡಿತು. ಲಲಿತಾ ಹಾಡಲು ಶುರು ಮಾಡಿದಳು. ಕಮಲಾ ಕಣ್ಣು ಮುಚ್ಚಿ ಸುಮ್ಮನೆ ಕೂತಿದ್ದಳು.

ಆಮೇಲೆ ಅವಳ ಬೆರಳು ತೊಡೆಯ ಮೇಲೆ ಅಲುಗಿತು. ಕಣ್ಣು ಬಿಟ್ಟಳು.

"ರೀ! ಮೃದಂಗ! ಮೃದಂಗ ಕೇಳಿಸ್ತಿದೆ!"

ನಾನು ಮುನಿಯಪ್ಪನವರನ್ನು ಅಪ್ಪಿಕೊಳ್ಳುವುದೊಂದು ಬಾಕಿ. ಕಮಲಾ ಪೆಟ್ಟಿಗೆಯ ಬಾಯಿಗೆ ಇನ್ನಷ್ಟು ಹತ್ತಿರ ಸರಿದು, ಕೈಯಲ್ಲಿ ತಾಳ ಹಾಕುತ್ತ, ಮಗುವಿನ ಹಾಗೆ ನಗುತ್ತ ನನ್ನ ಕಡೆ ತಿರುಗಿದಳು.

"ಲಲಿತಾ ಯಾವಾಗ ಶುರು ಮಾಡ್ತಾಳೆ?"

ಲಲಿತಾ ಹಾಡುತ್ತಲೇ ಇದ್ದಳು. ಆಗಲೇ ಎರಡನೆಯ ಕೃತಿಯ ನಡುವೆ ಇದ್ದಳು.

'ಇನ್ನೇನು ಶುರು ಮಾಡ್ತಾಳೆ' ಎನ್ನಲು ಬಾಯಿ ತೆರೆದೆ. ಆಗಲಿಲ್ಲ. ತುಟಿ ಓದುವವಳ ಮುಂದೆ ಸುಮ್ಮನಿರುವುದೂ ಕಷ್ಟ, ಅದನ್ನೂ ಓದಿಬಿಡುತ್ತಾಳೆ. ಕಮಲಾಳ ನಗು ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಇಳಿಯಿತು. ಅವಳು ಎದ್ದು ಹೋಗಲಿಲ್ಲ. ಪೆಟ್ಟಿಗೆಯ ಕಡೆಗೆ ತಿರುಗಿ, ಕಚೇರಿ ಮುಗಿಯುವವರೆಗೂ ತಾಳ ತಪ್ಪದಂತೆ ಹಾಕುತ್ತ ಕೂತಳು. ಜಗಲಿಯಿಂದ ಮುನಿಯಪ್ಪನವರು ಸದ್ದಿಲ್ಲದೆ ಎದ್ದು ಹೋದರು.

ನಾನು ರೇಡಿಯೋ ಆರಿಸಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು.

"ಕೊನೇಲಿ ಮಿಶ್ರಛಾಪು ತಾಳದಲ್ಲಿ ಒಂದು ಹಾಡಿದ್ಲಲ್ಲ, ಯಾವ ಕೃತಿ ಅದು?"

"ಅದು... ಚೆನ್ನಾಗಿತ್ತು."

"ರಾಗ?"

"ರಾಗಾನೂ ಚೆನ್ನಾಗಿತ್ತು."

"ಅಯ್ಯೋ! ಎರಡು ಕಿವಿ ಇಟ್ಕೊಂಡು ಕೇಳಿದ್ದೀರಿ, ಏನು ಕೇಳಿದ್ರಿ ಅಂತ ಗೊತ್ತಿಲ್ವಾ? ಹಾಡಿ ತೋರಿಸಿ, ನಾನು ಕಂಡುಹಿಡೀತೀನಿ. ಇಲ್ಲಿ, ಕಿವಿ ಹತ್ರ."

ನಾನು ಹುಟ್ಟಿದಂದಿನಿಂದ ಹಾಡಿದವನಲ್ಲ. ಆದರೂ ಚಾಪೆಯ ಮೇಲೆ ಮಂಡಿಯೂರಿ, ಅವಳ ಕಿವಿಗೆ ಬಾಯಿಟ್ಟು, ನನ್ನ ದಪ್ಪ ದನಿಯಲ್ಲಿ ಲಲಿತಾ ಹಾಡಿದ್ದನ್ನು ನೆನೆನೆನೆದು ಹಾಡಿದೆ. ಮಾತು ಮರೆತಲ್ಲಿ 'ತನನ' ಅಂದೆ. ಸ್ವರ ಮರೆತಲ್ಲಿ ಇನ್ನೂ ಜೋರಾಗಿ ಅಂದೆ. ಅವಳ ಭುಜ ಅಲುಗುತ್ತಿದ್ದುದು ಕಂಡಿತು. ಅಳುತ್ತಿದ್ದಾಳೆಂದು ಬಗ್ಗಿ ನೋಡಿದರೆ ನಗುತ್ತಿದ್ದಳು. ನಗುತ್ತಿದ್ದಾಳೆಂದು ಸಮಾಧಾನ ಪಡುವಷ್ಟರಲ್ಲಿ ಕಣ್ಣಿಂದ ನೀರಿಳಿಯಿತು. ಕೈಯೆತ್ತಿ ನನ್ನ ಬಾಯಿ ಮುಚ್ಚಿದಳು.

"ಕೇಳಿಸ್ತು ರೀ. ಪೂರ್ತಿ ಕೇಳಿಸ್ತು. ಸಾಕು."

"ಯಾವ ಕೃತಿ ಅಂತ ಗೊತ್ತಾಯ್ತಾ?"

"ಇದು ಯಾವ ಕೃತೀನೂ ಅಲ್ಲ."

ಕಾಯಿಲೆಯಿಂದೆದ್ದು ಬಂದ ಮೇಲೆ ನನ್ನ ಕಮಲಾಗೆ ಮೊದಲ ಬಾರಿಗೆ ಪೂರ್ತಿಯಾಗಿ ಕೇಳಿಸಿದ ಹಾಡು ನನ್ನದು. ಪಾಪ!