ಲಾರಿಗೊಂದು ಸ್ಕ್ಯಾನರ್ ತಂದದ್ದು

ನನಗೆ ಅನುಮಾನ ಜಾಸ್ತಿ. ಇದನ್ನು ನಾನೇ ಮೊದಲು ಒಪ್ಪಿಕೊಂಡುಬಿಡುತ್ತೇನೆ. ನನ್ನ ಹೆಂಡತಿ ಮಂಗಳಾ ಹೇಳಲು ಶುರುಮಾಡಿದರೆ ಬೇಗ ಮುಗಿಯುವುದಿಲ್ಲ. ಎಳನೀರಿನವನು ಬೇಗ ಕೊಚ್ಚಿಕೊಟ್ಟರೆ ಬಲಿತ ಕಾಯಿ ದಾಟಿಸಿದ ಎಂದೂ, ತಡಮಾಡಿದರೆ ಹುಡುಕಿ ಹುಡುಕಿ ಹಳೆಯದನ್ನೇ ತೆಗೆದ ಎಂದೂ ನನಗೆ ತೋರುತ್ತದೆ. ಮನೆಗೆ ಬಂದ ನೆಂಟರು ಕಾಫಿ ಚೆನ್ನಾಗಿದೆ ಎಂದರೆ, ಇವರು ಎಷ್ಟು ದಿನ ಇರಲು ಬಂದಿದ್ದಾರೆ ಎಂದು ಯೋಚನೆ ಹತ್ತುತ್ತದೆ. ಇಂಥವನು ಲಾರಿ ಇಟ್ಟುಕೊಳ್ಳಬಾರದು. ನಾನು ಇಟ್ಟುಕೊಂಡೆ.

ಇಟ್ಟುಕೊಂಡೆ ಅನ್ನುವುದೂ ಪೂರ್ತಿ ನಿಜವಲ್ಲ. ನಾನು ಆಗ ಯಳಂದೂರಿನಲ್ಲಿ ಸರ್ಕಾರಿ ಗುಮಾಸ್ತ. ಹೀಗಾಗಿ ಲಾರಿ ಮಂಗಳಾಳ ಹೆಸರಿನಲ್ಲಿತ್ತು, ಚಿಂತೆ ಮಾತ್ರ ನನ್ನ ಹೆಸರಿನಲ್ಲಿ. ಎಂಬತ್ತನಾಲ್ಕನೇ ಇಸವಿಯ ಗಾಡಿ. ನಾನು ಹೇಳುತ್ತಿರುವುದು ಅದಕ್ಕೆ ಹೆಚ್ಚುಕಮ್ಮಿ ಇಪ್ಪತ್ತು ತುಂಬಿದ ಕಾಲದ ಮಾತು. ಲೊಕ್ಕನಹಳ್ಳಿ ಕಡೆಯಿಂದ ದನದ ಗೊಬ್ಬರ ತಂದು ನಮ್ಮ ಕಡೆಯ ಗದ್ದೆಗಳಿಗೆ ಸುರಿಯುವುದು ಅದರ ಕಾಯಕ. ಓಡಿಸುತ್ತಿದ್ದವನು ಲೊಕ್ಕನಹಳ್ಳಿಯವನೇ ಆದರೂ ನಮ್ಮೂರಲ್ಲೇ ಕೋಣೆ ಮಾಡಿಕೊಂಡಿದ್ದ ಸಿದ್ದರಾಜು, ಹನ್ನೊಂದು ವರ್ಷದಿಂದ. ಎಂಜಿನ್ನಿನಲ್ಲಿ ಏನಾದರೂ ಸದ್ದು ಬಂದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದ. ಆಮೇಲೆ ರೋಗ ಇಂಥದ್ದು ಎಂದು ಹೇಳುತ್ತಿದ್ದ. ಹನ್ನೊಂದು ವರ್ಷವೂ ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಒಬ್ಬ ಮನುಷ್ಯ ಇಷ್ಟು ವರ್ಷ ಒಂದೇ ಸಮನೆ ಸರಿಯಾಗಿ ಹೇಳುವುದು ಸಾಧ್ಯವೇ ಎಂದು ನನಗೆ ಅನುಮಾನ ಬಂತು.

ಆ ಸಲ ಕಟಕಟ ಸದ್ದು ಶುರುವಾಗಿತ್ತು. "ಟ್ಯಾಪೆಟ್ ಲೂಸಾಗ್ಯದೆ ಸಾ. ಕೊಳ್ಳೇಗಾಲದಲ್ಲಿ ಅರ್ಧ ದಿವ್ಸ ನಿಲ್ಸುದ್ರೆ ಸರಿ ಓಯ್ತದೆ" ಎಂದ ಸಿದ್ದರಾಜು. ದೊಡ್ಡ ರಿಪೇರಿ ಎಂದಿದ್ದರೆ ಮೆಕ್ಯಾನಿಕ್ ಜೊತೆ ಸೇರಿಕೊಂಡಿದ್ದಾನೆ ಎನ್ನಬಹುದಿತ್ತು. ಇಷ್ಟು ಸಣ್ಣದು ಎಂದದ್ದಕ್ಕೆ ಏನೆನ್ನುವುದು? ದೊಡ್ಡದೇನನ್ನೋ ಮುಚ್ಚಿಡುತ್ತಿದ್ದಾನೆ ಎಂದುಕೊಂಡೆ.

ಅದೇ ಹೊತ್ತಿಗೆ ಆಫೀಸಿನಲ್ಲಿ ಒಬ್ಬರು, ಮೈಸೂರಿನಲ್ಲಿ ಸ್ಕ್ಯಾನರ್ ಎಂಬ ಮಿಷನ್ ಬಂದಿದೆ, ಗಾಡಿಗೆ ಸಿಕ್ಕಿಸಿದರೆ ಒಳಗಿನ ಕಂಪ್ಯೂಟರ್ ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ ಎಂದರು. ನನಗೆ ಬೇಕಾಗಿದ್ದ ಸಾಕ್ಷಿ ಇದೇ. ರಜೆ ಹಾಕಿ ಹೊರಟೆ. ಅಂಗಡಿಯವನು ಮೂರು ತೋರಿಸಿದ. ಸೂಟ್‌ಕೇಸಿನಷ್ಟು ದೊಡ್ಡದನ್ನು ಅದರ ಬೆಲೆ ಕೇಳಿ ನಂಬಲಿಲ್ಲ. ಅಂಗೈಯಗಲದ್ದನ್ನು ಅಗ್ಗವೆಂದು ನಂಬಲಿಲ್ಲ. ನಡುವಿನದನ್ನು ಹೊರಗೆ ನಿಂತಿದ್ದ ಹೊಸ ಕಾರಿಗೆ ಸಿಕ್ಕಿಸಿ ತೋರಿಸಿದಾಗ, ಕಾರು ಅಂಗಡಿಯವನದೇ ಆದ್ದರಿಂದ ಮೊದಲೇ ಪಾಠ ಹೇಳಿಕೊಟ್ಟಿರಬಹುದು ಎನ್ನಿಸಿತು. ಕೊನೆಗೆ ಅಗ್ಗದ್ದನ್ನೇ ತೆಗೆದುಕೊಂಡೆ, ಮೋಸವಾದರೂ ಸಣ್ಣದಾಗಿರಲಿ ಎಂದು. "ಯಾವ ಗಾಡಿಗೆ ಸಾರ್?" ಎಂದು ಅವನು ಎರಡು ಸಲ ಕೇಳಿದ. ಹಳೇ ಲಾರಿ ಎಂದರೆ ಹಳೇ ಮಾಲು ಕಟ್ಟುತ್ತಾನೆ ಎಂಬ ಹೆದರಿಕೆಯಿಂದ "ದೊಡ್ಡ ಗಾಡಿಗೆ" ಎಂದಷ್ಟೇ ಹೇಳಿದೆ.

ಮಾರನೆಯ ದಿನ ಮನೆಮುಂದೆ ಮಿಷನ್ನಿನ ವೈರು ಹಿಡಿದು, ಸಿಕ್ಕಿಸುವ ಜಾಗಕ್ಕಾಗಿ ಸ್ಟಿಯರಿಂಗ್ ಕೆಳಗೆ, ಸೀಟಿನಡಿಯಲ್ಲಿ, ಬ್ಯಾಟರಿಯ ಪಕ್ಕದಲ್ಲಿ ತಡಕಾಡಿದೆ. ಎಲ್ಲೂ ಇರಲಿಲ್ಲ.

"ಈ ಗಾಡೀಲಿ ಅಂತದ್ದೇನೂ ಇಲ್ಲ ಕಣ್ ಸಾ" ಎಂದ ಸಿದ್ದರಾಜು.

"ಇಲ್ಲ ಅಂದರೆ? ಮೊದಲಿಂದಲೂ ಇರಲಿಲ್ವೋ, ಈಗ ಇಲ್ವೋ?"

ಕೇಳಬಾರದಿತ್ತು. ಆದರೆ ನನ್ನ ತಲೆಯಲ್ಲಿ ಆಗಲೇ ಲಾರಿಯ ಕಂಪ್ಯೂಟರನ್ನು ಯಾರೋ ಬಿಚ್ಚಿ ಮಾರಿಯಾಗಿತ್ತು. "ಬಿಚ್ಚಿದ್ದರೆ ಹೇಳಿಬಿಡು, ನಾನೇನೂ ಅನ್ನುವುದಿಲ್ಲ" ಎಂದು ದೊಡ್ಡ ಮನಸ್ಸನ್ನೂ ತೋರಿಸಿದೆ. ಸಿದ್ದರಾಜು ಒಳಗೆ ಹೋಗಿ, "ಅಮ್ಮಾ, ಕೀ ತಕಳಿ, ನಾನ್ ಓಯ್ತೀನಿ" ಎಂದು ಮಂಗಳಾಳ ಕೈಗೆ ಕೀ ಕೊಟ್ಟು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ.

ಅಂಗಡಿಗೆ ಫೋನ್ ಮಾಡಿದೆ. "ಎಷ್ಟನೇ ಇಸವಿ ಗಾಡಿ ಸಾರ್?" ಎಂದ. ಹೇಳಿದೆ. ಆ ಕಡೆ ಫೋನಿಗೆ ಕೈ ಅಡ್ಡ ಹಿಡಿದು ನಕ್ಕದ್ದು ಕೇಳಿಸಿತು. ಆ ಕಾಲದ ಲಾರಿಗೆ ಕಂಪ್ಯೂಟರೇ ಇರುವುದಿಲ್ಲವಂತೆ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಮಂಗಳಾ ಮಾತು ಉದ್ದ ಮಾಡಲಿಲ್ಲ. "ಗಾಡಿ ನನ್ನ ಹೆಸ್ರಲ್ಲಿ ಅದೆ. ಸಿದ್ದರಾಜು ಬರದಿದ್ರೆ ಮಾರ್‍ಬುಡ್ತೀನಿ. ಓಗಿ ಕರ್ಕಂಡು ಬನ್ನಿ" ಎಂದಳು.

ಕೊಳ್ಳೇಗಾಲಕ್ಕೆ ಒಂದು ಬಸ್ಸು, ಹನೂರಿಗೆ ಒಂದು, ಅಲ್ಲಿಂದ ಲೊಕ್ಕನಹಳ್ಳಿಗೆ ಇನ್ನೊಂದು. ಸಿದ್ದರಾಜು ಹಂದಿ ನುಗ್ಗದಂತೆ ಹೊಲಕ್ಕೆ ಮುಳ್ಳುಬೇಲಿ ಕಟ್ಟುತ್ತಿದ್ದ. ಮಜ್ಜಿಗೆ ತರಿಸಿಕೊಟ್ಟ. ನಾನೇ, "ತಪ್ಪಾಯ್ತು ಕಣಯ್ಯ. ಆ ಗಾಡಿಗೆ ಕಂಪ್ಯೂಟರ್ ಇರಲೇ ಇಲ್ಲವಂತೆ. ಅಂಗಡಿಯವನು ಹೇಳಿದ" ಎಂದೆ.

"ನಾನ್ ಏಳ್ದಾಗ ನಂಬ್ನಿಲ್ಲ. ಗುರ್ತಿಲ್ದ ಅಂಗ್ಡಿಯವ್ನು ಏಳುದ್ಮೇಲೆ ನಂಬುದ್ರಾ ಸಾ?"

ಉಳಿದ ಮಜ್ಜಿಗೆ ಕುಡಿದು, ಬೇಲಿಗೆ ಮುಳ್ಳಿನ ಕೊಂಬೆ ಎತ್ತಿಕೊಡತೊಡಗಿದೆ.

ಬೇಲಿ ಮುಗಿಸಿ ಅವನು ಬಂದ. ಅರ್ಧ ದಿನದಲ್ಲಿ ಟ್ಯಾಪೆಟ್ ಸರಿಯಾಗಿ ಸದ್ದೂ ಅಡಗಿತು. ಆದರೆ ಅಂದಿನಿಂದ ಪ್ರತಿ ಸಂಜೆ ಲಾರಿ ನಿಲ್ಲಿಸಿದ ಮೇಲೆ, ಬೀದಿಗೆಲ್ಲ ಕೇಳುವಂತೆ ನನ್ನನ್ನು ಕರೆಯತೊಡಗಿದ. "ಬನ್ನಿ ಸಾ, ಬ್ಯಾಟ್ರಿ ಅದೆ, ನೋಡ್ಕಳಿ. ಡೈನಮೋ ಅದೆ, ನೋಡ್ಕಳಿ. ಸ್ಟೆಪ್ನಿ ಅದೆ, ಮುಟ್ಟಿ ನೋಡ್ಕಳಿ." ಎದುರುಮನೆಯವರು ಜಗಲಿಗೆ ಬಂದು ಕೂರುತ್ತಿದ್ದರು. ನಾನು ಒಂದೊಂದನ್ನೂ ಮುಟ್ಟಿ "ಇದೆ, ಇದೆ" ಎನ್ನಬೇಕು. ವ್ಯಂಗ್ಯವೋ ಎಂದು ಮುಖ ನೋಡಿದರೆ ಅಲ್ಲಿ ಬರೀ ವಿನಯ.

ಹೀಗೆ ಎರಡು ತಿಂಗಳು ಕಳೆಯಿತು. ಒಂದು ಸಂಜೆ ಲಾರಿ ಬಂದು ನಿಂತರೂ ನನ್ನನ್ನು ಕರೆಯಲಿಲ್ಲ. ಕೀ ಕೊಟ್ಟು, "ಬತ್ತೀನಿ ಸಾ" ಎಂದು ನಕ್ಕು ಹೊರಟ. ಕ್ಷಮಿಸಿದ್ದಾನೆ! ನನಗೆ ಕಣ್ಣು ತುಂಬಿ ಬಂತು. ಇಂಥ ಮನುಷ್ಯನನ್ನು ಇನ್ನು ಜನ್ಮದಲ್ಲಿ ಅನುಮಾನಿಸಬಾರದು ಎಂದುಕೊಂಡು ಕಾಫಿ ಕುಡಿದೆ. ಲೋಟ ಕೆಳಗಿಟ್ಟಾಗ, ದಿನವೂ ತೋರಿಸುವವನು ಇವತ್ತೇ ಯಾಕೆ ತೋರಿಸಲಿಲ್ಲ ಎಂದೊಂದು ಯೋಚನೆ ಬಂತು. ಸುಮ್ಮನೆ ಗಾಳಿಗೆ ಎಂದು ಹೊರಗೆ ಹೋದೆ. ಬ್ಯಾಟರಿ ಇತ್ತು. ಡೈನಮೋ ಇತ್ತು. ಬಗ್ಗಿ ಸ್ಟೆಪ್ನಿಯ ಮೇಲೆ ಕೈಯಿಟ್ಟಿದ್ದೆ, ಹಿಂದಿನಿಂದ ದನಿ ಕೇಳಿಸಿತು.

"ಟವಲ್ ಮರ್ತಿದ್ದೆ, ಅದ್ಕೆ ಬಂದೆ. ಎಲ್ಲಾ ಅದಾ ಸಾ?"