ಎಲ್ಕ್ ಮಹಾಶಯರ ಮೌನ ಮತ್ತು ನಮ್ಮ ಬೀಗತನ

ಮಾನ್ಯ ಎಲ್ಕ್ ಮಹಾಶಯರೇ,

ನನಗೆ ಮದುವೆಯಾಯಿತು! ದೂರಿನ ಪತ್ರವೊಂದು ಹೀಗೆ ಶುರುವಾಗುವುದು ಶೋಭೆಯಲ್ಲವೆಂದು ಬಲ್ಲೆ; ಆದರೆ ಹಲ್ಲಿನ ಡಾಕ್ಟರಿಗೂ, ಪೆಟ್ರೋಲ್ ಬಂಕಿನವರಿಗೂ, ರಾಂಗ್ ನಂಬರಿನಿಂದ ಕರೆ ಮಾಡಿದ ಅಪರಿಚಿತರಿಗೂ ಮೊದಲು ಇದನ್ನೇ ಹೇಳಿರುವಾಗ ತಮಗೊಬ್ಬರಿಗೆ ಮುಚ್ಚಿಟ್ಟರೆ ತಾರತಮ್ಯವಾದೀತು. ಮೊಂಟಾನಾದ ನಮ್ಮ ಲಿಬ್ಬಿ ಊರಿನ ಮೇಲಿನ ದಿಣ್ಣೆಯಲ್ಲಿ ಪರಿವಾರಸಮೇತ ಬಿಜಯಂಗೈದಿರುವ, ಜಿಂಕೆ ಕುಲಕ್ಕೇ ಹಿರಿಯರಾದ, ಒಣಮರವನ್ನೇ ಹೊತ್ತು ನಡೆದಂತೆ ಕಾಣುವ ಕೊಂಬುಗಳ ತಮಗೆ ಮದುವಣಗಿತ್ತಿ ಡೆಲ್ಲಾಳ ನಮಸ್ಕಾರಗಳು. ಹಿಂಡಿನಲ್ಲಿ ಹೆಂಗಸರು ಮಕ್ಕಳು ಕ್ಷೇಮವೆಂದು ನಂಬಿದ್ದೇನೆ.

ವರನ ಹೆಸರು ಲೈಲ್ ಓಸ್ಟ್‌ಬಿ. ಮರದ ಮಿಲ್ಲಿನಲ್ಲಿ ಕೆಲಸ. ಅವನ ಕಿವಿಗಳು ಎಷ್ಟು ಮುದ್ದಾಗಿವೆ ಎಂಬ ಬಗ್ಗೆ ಎರಡು ಪುಟ ಬರೆದಿದ್ದೆ. ದೂರಿಗೆ ಸಂಬಂಧವಿಲ್ಲವೆಂದು ಅವನೇ ತೆಗೆಸಿದ.

ದೂರು ಇಷ್ಟೇ. ಬೇಟೆ ಬಂದೂಕಿನ ವಿಷಯದಲ್ಲಿ ನನ್ನ ಅಪ್ಪ ರೋರಿ ಕ್ರೋನಿನ್ ಹುಟ್ಟಾ ಟೂ-ಸೆವೆಂಟಿ ತೋಟಾದವರು. ನನ್ನ ಮಾವ ಹಾಲ್ವರ್ ಓಸ್ಟ್‌ಬಿ ವಂಶಪಾರಂಪರ್ಯವಾಗಿ ಥರ್ಟಿ-ಆಟ್-ಸಿಕ್ಸ್ ತೋಟಾದವರು. ಹೊರಗಿನವರು ಇದನ್ನು ಕೇಳಿದರೆ ಇವೆರಡು ಎರಡು ಧರ್ಮಗಳಿರಬೇಕು ಎಂದುಕೊಂಡಾರು. ನಿಜಕ್ಕೂ ಎರಡರದ್ದೂ ಹೆಚ್ಚುಕಡಿಮೆ ಒಂದೇ ಹಿತ್ತಾಳೆ ಚಿಪ್ಪು. ಅಪ್ಪನ ತೋಟಾದ ಕತ್ತು ಒಂದು ಕೂದಲೆಳೆಯಷ್ಟು ಸಪೂರ, ಆದ್ದರಿಂದ ಗುಂಡು ಹಗುರ, ಓಟ ಚುರುಕು. ಮಾವನವರದ್ದರ ಕತ್ತು ಒಂದು ಕೂದಲೆಳೆಯಷ್ಟು ಅಗಲ, ಆದ್ದರಿಂದ ಗುಂಡು ದಪ್ಪ, ಪೆಟ್ಟು ಭಾರ. ಈ ಕೂದಲೆಳೆಯ ಎರಡು ದಡಗಳಲ್ಲಿ ನಿಂತು ಇಬ್ಬರು ಹಿರಿಯರು ನಮ್ಮ ಮದುವೆಯ ಕೇಕಿನ ಮುಂದೆ ಮಾತಾಡಿದ್ದನ್ನು ತಾವು ಕೇಳಬೇಕಿತ್ತು.

"ಬೀಗ್ರೇ, ನಿಮ್ ಪೆನ್ಸಿಲ್ ಮೊನೆ ಇಟ್ಕೊಂಡು ಅಡುಗೆಮನೆ ಇಲಿ ಹೊಡೀರಿ. ಎಲ್ಕ್ ತಂಟೆ ನಮಗೆ ಬಿಡಿ," ಎಂದರು ಮಾವ.

"ಬಿಡೋಣಂತೆ ಬೀಗ್ರೇ. ನಿಮ್ ಫಿರಂಗಿ ಗುಂಡು ದಾರೀಲಿ ಉಸ್ಸಪ್ಪಾ ಅಂತ ಕೂತಿರೋ ಹೊತ್ಗೆ ನಮ್ ಎಲ್ಕ್ ಬಾಣಲೇಲಿ ಬೇಯ್ತಾ ಇರತ್ತೆ," ಎಂದರು ಅಪ್ಪ.

ಕೇಕನ್ನು ನಾವಿಬ್ಬರೇ ಕತ್ತರಿಸಿಕೊಂಡೆವು. ಅಂದಿನಿಂದ ಅವರಿಬ್ಬರಿಗೆ ಮಾತಿಲ್ಲ. ಬೇಟೆಯ ಕಾಲ ಆರಂಭವಾಗುವ ಶನಿವಾರ ಎರಡೂ ಮನೆಯವರು ಒಂದೇ ಡೇರೆಯಲ್ಲಿರಬೇಕು, ಒಂದೇ ಒಲೆಯ ಕಾಫಿ ಕುಡಿಯಬೇಕು ಎಂಬುದು ಮದುವೆಗೆ ಮುಂಚಿನಿಂದಲೂ ನನ್ನ ಒಂದೇ ಆಸೆ. ಈಗ ಇಬ್ಬರದ್ದೂ ಒಂದೇ ಷರತ್ತು: ಡೆಲ್ಲಾ ನನ್ನ ತೋಟಾ ಹಿಡಿದರೆ ಬರುತ್ತೇನೆ, ಇಲ್ಲವಾದರೆ ನನ್ನ ಡೇರೆ ನನಗೆ.

ನಾನು ಓದಿದ ಹುಡುಗಿ. ನ್ಯಾಯವಾಗಿ ಪರೀಕ್ಷಿಸಿ ಆರಿಸೋಣವೆಂದು ಊರಿನ ಗುರಿಮೈದಾನಕ್ಕೆ ಎರಡೂ ಬಂದೂಕು ಒಯ್ದು, ಎರಡು ಕಾಗದಗಳಿಗೆ ಹೊಡೆದೆ. ಎರಡರಲ್ಲೂ ತೂತುಗಳ ಗುಂಪು ಅದೇ ಕಾಫಿ ಲೋಟದ ಮುಚ್ಚಳದಡಿ ಮುಚ್ಚಿಹೋಯಿತು. ಭುಜ ಮಾತ್ರ ಮಾವನವರ ಬಂದೂಕಿನ ಒದೆತಕ್ಕೆ ಹೆಚ್ಚು ನೊಂದುಕೊಂಡಿತು, ಆದರೆ ಭುಜದ ಸಾಕ್ಷಿಯನ್ನು ಯಾರೂ ಒಪ್ಪಲಿಲ್ಲ.

ಇಲ್ಲಿ, ಮಾನ್ಯರೇ, ತಮ್ಮ ಅಪರಾಧಕ್ಕೆ ಬರುತ್ತೇನೆ. ಇವೆರಡರ ವ್ಯತ್ಯಾಸವನ್ನು ಮೈಯಾರೆ ಬಲ್ಲವರು ಈ ಸೃಷ್ಟಿಯಲ್ಲಿ ತಾವು ಮಾತ್ರ. ತಮ್ಮ ಚಿಕ್ಕಪ್ಪ ಅಪ್ಪನ ಗುಂಡಿಗೆ ಎರಡು ಹೆಜ್ಜೆ ಇಟ್ಟು ಮಲಗಿದರು. ತಮ್ಮ ಸೋದರಮಾವ ಮಾವನವರ ಗುಂಡಿಗೆ ಎರಡೇ ಹೆಜ್ಜೆ ಇಟ್ಟು ಮಲಗಿದರು. ಒಬ್ಬರಾದರೂ ಒಂದು ಹೆಜ್ಜೆ ಹೆಚ್ಚು ಇಟ್ಟಿದ್ದರೆ, ಒಂದು ಅಸಮಾಧಾನದ ಮುಖವನ್ನಾದರೂ ಮಾಡಿದ್ದರೆ, ನನ್ನ ಸಂಸಾರ ಇಂದು ನೆಮ್ಮದಿಯಾಗಿರುತ್ತಿತ್ತು. ತಮ್ಮ ಕುಲದ ಈ ನಿಷ್ಪಕ್ಷಪಾತ, ಈ ಸೌಜನ್ಯ, ಯಾರಿಗೂ ಬೇಸರವಾಗಬಾರದೆಂಬ ಈ ದಾಕ್ಷಿಣ್ಯ ನ್ಯಾಯಾಧೀಶರಿಗೂ ಮಾದರಿಯೆಂದು ಹೊಗಳುತ್ತಲೇ, ಇದರಷ್ಟು ಹಾಳು ಗುಣ ಇನ್ನೊಂದಿಲ್ಲವೆಂದು ವಿನಯದಿಂದ ತಿಳಿಸುತ್ತೇನೆ.

ಇಷ್ಟರಲ್ಲಿ ಒಂದು ಅನಾಹುತವಾಯಿತು. ಮಾವನವರು ತಮ್ಮ ತಂದೆ ಬೇಟೆಯಾಡಿ ಜೋಪಾನವಾಗಿಟ್ಟಿದ್ದ ಖಾಲಿ ಚಿಪ್ಪುಗಳನ್ನು ಹಳೆಯ ಕಾಫಿ ಡಬ್ಬಿಯಲ್ಲಿ ತಂದು, ಮಡಿಲು ತುಂಬಿದಂತೆ ನನ್ನ ತೊಡೆಯ ಮೇಲಿಟ್ಟು, "ನಮ್ಮನೆ ಸೊಸೆ, ನಮ್ಮನೆ ತೋಟಾ. ಇದನ್ನೇ ತುಂಬಿಸ್ಕೊಂಡು ಹೊಡಿಯಮ್ಮ," ಎಂದಿದ್ದರು. ನಮ್ಮಲ್ಲಿ ಖಾಲಿ ಚಿಪ್ಪುಗಳನ್ನು ಅಚ್ಚಿನೊಳಗೆ ಒತ್ತಿ ಸರಿಮಾಡಿ ಮನೆಯಲ್ಲೇ ಮತ್ತೆ ತುಂಬುವುದು ರೂಢಿ. ಲೈಲ್ ಗ್ಯಾರೇಜಿನಲ್ಲಿ ಆ ಕೆಲಸಕ್ಕೆ ಕೂತ. ಒತ್ತುಯಂತ್ರದಲ್ಲಿ ಅಪ್ಪ ಮದುವೆಗೆ ಉಡುಗೊರೆ ಕೊಟ್ಟ ಟೂ-ಸೆವೆಂಟಿ ಅಚ್ಚು ಇತ್ತು. ಅದನ್ನು ಬದಲಿಸಬೇಕಿತ್ತು. ಆದರೆ ನಾನು ಹಳದಿ ಸ್ವೆಟರ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ, ಅವನು ಅಷ್ಟೂ ಹೊತ್ತು ನನ್ನನ್ನೇ ನೋಡುತ್ತ ಹಿಡಿ ಎಳೆಯುತ್ತಿದ್ದ. ಡಬ್ಬಿ ಮುಗಿದ ಮೇಲೆ ಕೈಯಲ್ಲಿದ್ದುದನ್ನು ನೋಡಿ ಬಿಳಿಚಿಕೊಂಡ.

"ಡೆಲ್ಲಾ, ತಾತನ್ ಕತ್ತು ಹಿಸುಕ್ಬಿಟ್ಟೆ ಕಣೇ!"

ನಿಜ. ಪ್ರತಿ ಚಿಪ್ಪಿನ ತಳದಲ್ಲಿ ಓಸ್ಟ್‌ಬಿ ಮನೆಯ ಥರ್ಟಿ-ಆಟ್-ಸಿಕ್ಸ್ ಎಂದು ಕೊರೆದಿತ್ತು. ಕತ್ತು ಮಾತ್ರ ಕ್ರೋನಿನ್ನರದ್ದಾಗಿತ್ತು. ಇತ್ತೀಚೆಗೆ ಹೆಸರು ಬದಲಿಸಿಕೊಂಡ ನನಗೆ ಅವುಗಳನ್ನು ನೋಡಿ ಯಾಕೋ ಬಹಳ ಅಕ್ಕರೆ ಬಂತು. ಇನ್ನು ಅವು ನನ್ನ ತವರಿನ ಬಂದೂಕಿಗೆ ಮಾತ್ರ ಸಲ್ಲುವುದರಿಂದ, ತುಂಬಿಸಿದ ಮೇಲೆ ಯಾರೂ ತಳ ಓದಿ ಏಮಾರಬಾರದೆಂದು ಮದುವೆಯ ಕೆಂಪು ನೇಲ್ ಪಾಲಿಶ್‌ನಿಂದ ಒಂದೊಂದಕ್ಕೂ ಗುರುತು ಹಾಕಿ, ತಳ ಮೇಲಾಗಿ ಪೆಟ್ಟಿಗೆಯಲ್ಲಿ ಜೋಡಿಸಿದೆ.

ಭಾನುವಾರ ಊಟಕ್ಕೆ ಇಬ್ಬರನ್ನೂ ಕರೆದಿದ್ದೆ, ಇನ್ನೊಬ್ಬರು ಬರುವುದಿಲ್ಲವೆಂದು ಒಬ್ಬೊಬ್ಬರಿಗೂ ಹೇಳಿ. ಮಾವ ಮೊದಲು ಬಂದು, ಪೆಟ್ಟಿಗೆಗೆ ಬಗ್ಗಿ ತಳ ಓದಿದರು. "ನಮ್ಮಪ್ಪನ್ ಚಿಪ್ಪೇ! ಸೊಸೆ ಅಂದ್ರೆ ಇವ್ಳು," ಎಂದು ಕಣ್ಣೊರೆಸಿಕೊಳ್ಳಲು ಹಿತ್ತಲಿಗೆ ಹೋದರು. ಅಷ್ಟರಲ್ಲಿ ಅಪ್ಪ ಒಳಬಂದು, ಒಂದನ್ನು ಎತ್ತಿ ಕತ್ತು ನೋಡಿ, "ಲೈಲ್, ಮದ್ವೆ ಆದ್ರೂ ನನ್ ಮಗ್ಳು ನನ್ ಮಗ್ಳೇ ಕಣಯ್ಯಾ," ಎಂದು ಅವನ ಬೆನ್ನಿಗೆ ಗುದ್ದಿದರು. ಗೆದ್ದವರಿಬ್ಬರೂ ಸೋತವರ ಮೇಲೆ ಕನಿಕರಪಟ್ಟು ಊಟದುದ್ದಕ್ಕೂ "ನೀವ್ ಹಾಕ್ಕೊಳಿ ಬೀಗ್ರೇ", "ಇಲ್ಲ, ನೀವ್ ಮೊದ್ಲು ಬೀಗ್ರೇ" ಎಂದು ಆಲೂಗಡ್ಡೆಯ ಬಟ್ಟಲನ್ನು ಅತ್ತಿತ್ತ ದೂಡಿದರು. ಡೇರೆ ಒಂದೇ ಸಾಕು ಎಂದವರು ಮಾವ. ಕಾಫಿ ನಂದು ಎಂದವರು ಅಪ್ಪ. ನಾನು ಪೆಟ್ಟಿಗೆಯ ಮುಚ್ಚಳ ಹಾಕಿದೆ. ಲೈಲ್‌ನ ಕಿವಿಗಳು ಕೆಂಪಾದವು, ಆಗಲೂ ಮುದ್ದಾಗಿದ್ದವು.

ಆದ್ದರಿಂದ ತಮ್ಮಲ್ಲಿ ಬಿನ್ನಹ: ಶನಿವಾರ ಬೆಳಕು ಹರಿಯುತ್ತಲೇ, ನನ್ನ ಕೈಯಲ್ಲಿರುವುದು ಯಾರ ಮನೆಯ ಬಂದೂಕೆಂದು ಮಾವನವರು ಕನ್ನಡಕ ಹುಡುಕಿ ನೋಡುವ ಮೊದಲೇ, ತಾವು ದಿಣ್ಣೆಯ ಕೆಳಗೆ ಪಕ್ಕೆ ತೋರಿಸಿ ನಿಲ್ಲಬೇಕು, ವಾಡಿಕೆಯಂತೆ ಎರಡು ಹೆಜ್ಜೆಗಿಂತ ಹೆಚ್ಚು ಇಡಬಾರದು, ಕಡಿಮೆಯನ್ನೂ ಇಡಬಾರದು. ಆಮೇಲೆ ಖಾಲಿ ಚಿಪ್ಪನ್ನು ಇಬ್ಬರ ಕೈಗೂ ಕೊಡುತ್ತೇನೆ. ಅವರವರಿಗೆ ಬೇಕಾದ ತುದಿಯನ್ನು ಅವರವರು ಓದಿಕೊಳ್ಳಲಿ. ತಾವು ಮಾತ್ರ ಇದುವರೆಗಿನಂತೆ ಬಾಯಿ ಬಿಡಬಾರದು. ಮೇಲೆ ಹಾಳು ಗುಣವೆಂದು ಬರೆದದ್ದನ್ನು ಈ ಮೂಲಕ ಹಿಂತೆಗೆದುಕೊಂಡಿದ್ದೇನೆ.

ತಮ್ಮ ವಿಶ್ವಾಸವನ್ನು ಶನಿವಾರದವರೆಗಾದರೂ ಬೇಡುವ,
ಡೆಲ್ಲಾ ಕ್ರೋನಿನ್ ಓಸ್ಟ್‌ಬಿ

ತಾ.ಕ.: ಯಾವ ತೋಟಾ ತಗುಲಿತೆಂದು ಕೊನೆಗೂ ತಮಗೆ ತಿಳಿಯದೆ ಹೋದರೆ ಸಂಕೋಚಪಡಬೇಡಿ, ಮೂವತ್ತು ವರ್ಷ ಬೇಟೆಯಾಡಿದ ಇಬ್ಬರೂ ಅದು ಕಣ್ಣೆದುರಿಗಿದ್ದಾಗಲೂ ಒಂದೊಂದು ತುದಿಯನ್ನಷ್ಟೇ ಓದಿದರು. ನರ್ಸಿಂಗ್ ಪರೀಕ್ಷೆಗೆಂದು ಪಕ್ಕದ ರಾಜ್ಯದ ಸ್ಪೊಕೇನ್ ನಗರಕ್ಕೆ ಬಂದು ಈ ಪತ್ರ ಮುಗಿಸುತ್ತಿರುವ ನನ್ನನ್ನು ಕರೆದೊಯ್ಯಲು ಇಬ್ಬರೂ ಮೊದಲ ಬಾರಿಗೆ ಒಂದೇ ಗಾಡಿಯಲ್ಲಿ, ನಡುವೆ ಲೈಲ್‌ನನ್ನು ಕೂರಿಸಿಕೊಂಡು, ಲಿಬ್ಬಿ ಸ್ಟೇಷನ್ನಿಗೆ ಬರುತ್ತಿದ್ದಾರೆ. ಪೂರ್ವದ ಕಡೆ ಹೋಗುವ ಎಂಪೈರ್ ಬಿಲ್ಡರ್ ರೈಲಿನಲ್ಲಿ, ಶುಕ್ರವಾರ ನಸುಕಿಗೆ ಇಳಿಯುತ್ತೇನೆ.