ಸದ್ದಿಲ್ಲದೆ ಬೀಸಿದ ಹಾಡು

ನಮ್ಮ ಮನೆಯಲ್ಲಿ ಗಲಾಟೆಯೇ ಇಲ್ಲ ಎಂಬ ಜಂಬ ನನಗೆ ಬಹಳ ದಿನ ಇತ್ತು. ಕಚೇರಿಯಲ್ಲಿ ಯಾರಾದರೂ ಮನೆಯ ಗದ್ದಲದ ಗೋಳು ಹೇಳಿಕೊಂಡರೆ ಮರುಕದಿಂದ ಕೇಳುತ್ತಿದ್ದೆ. ಆ ಜಂಬ ಇಳಿಸಿದ್ದು, ಹೆಂಡತಿಯ ತಮ್ಮ ಚಂದ್ರಶೇಖರ ಬೆಂಗಳೂರಿನಿಂದ ಮಧುಗಿರಿಗೆ ಹೊತ್ತು ತಂದ ಫೋನೋಗ್ರಾಫು. ಅದು ಹಾಡುವುದಷ್ಟೇ ಅಲ್ಲ, ಕೇಳಿಸಿಕೊಳ್ಳುತ್ತಲೂ ಇತ್ತು. ಕಹಳೆಯ ಬಾಯಿಗೆ ಹಾಡಿದರೆ ಸೂಜಿ ಮೇಣದ ಕೊಳವೆಯ ಮೇಲೆ ಗೆರೆ ಕೊರೆಯುತ್ತಿತ್ತು. ಆಮೇಲೆ ಅದೇ ಹಾಡನ್ನು ಯಂತ್ರ ತಿರುಗಿ ಹೇಳುತ್ತಿತ್ತು.

ನನಗೆ ತಕ್ಷಣ ನೆನಪಾದದ್ದು ಸೋದರತ್ತೆ ಬಸಮ್ಮ. ತಾಯಿಯಿಲ್ಲದ ನನ್ನನ್ನು ಮಿಡಿಗೇಶಿಯಲ್ಲಿ ಸಾಕಿ ದೊಡ್ಡವನನ್ನಾಗಿ ಮಾಡಿದವಳು. ರಾಗಿ ಬೀಸುವಾಗ ಅವಳು ಹಾಡುತ್ತಿದ್ದ ತವರಿನ ಹಾಡೊಂದಿತ್ತು. ಬೇರೆ ಯಾರಿಗೂ ಅದು ಬರುತ್ತಿರಲಿಲ್ಲ, ಅತ್ತೆಗೋ ಆಗಲೇ ಉಬ್ಬಸ ಶುರುವಾಗಿತ್ತು. ಗಾಡಿ ಕಳಿಸಿ ಕರೆಸಿಕೊಂಡೆ.

ಮೊದಲ ಕೊಳವೆ ಹಾಳಾಯಿತು. ಅತ್ತೆ ಬೀಸುತ್ತ ಹಾಡಿದಳು. ಯಂತ್ರ ತಿರುಗಿ ಹೇಳಿದ್ದು ಬೀಸುವ ಕಲ್ಲಿನ ಗರಗರ, ಗೋಡೆಯಾಚೆ ಹತ್ತಿ ಹಿಂಜುವ ಇಮಾಂಸಾಬರ ಬಿಲ್ಲಿನ ಟಂಯ್ ಟಂಯ್. ನಡುವೆ ಎಲ್ಲೋ ಅತ್ತೆ, ಬಾವಿಯೊಳಗಿನಿಂದ ಕೂಗಿದಂತೆ. ಉಳಿದದ್ದು ಒಂದೇ ಕೊಳವೆ. ಮರುದಿನ ಚಂದ್ರಶೇಖರ ಯಂತ್ರದೊಂದಿಗೆ ಹೊರಡುವವನಿದ್ದ.

ಸಂಕೋಚದಿಂದಲೇ ಇಮಾಂಸಾಬರ ಬಳಿ ಹೋಗಿ, ಅತ್ತೆಯ ಹಾಡು ಮುಗಿಯುವವರೆಗೆ ಕೆಲಸ ನಿಲ್ಲಿಸಬೇಕೆಂದೆ. "ಅಮ್ಮಾರ ಹಾಡು ಅಂದ್ಮೇಲೆ ಕೇಳೋದೇನು ಸ್ವಾಮಿ, ಬಿಲ್ಲು ಇಳಿಸ್ಬುಟ್ಟೆ" ಎಂದವರು, ಹೊರಗಿನ ಸದ್ದು ಒಳಬರದಂತೆ ಬಾಗಿಲು ಕಿಟಕಿಗೆ ತೂಗುಹಾಕಲು, ಮಾರಾಟಕ್ಕಿಟ್ಟ ಹತ್ತಿ ತುಂಬಿದ ಹೊಸ ರಜಾಯಿಗಳನ್ನೇ ತಂದುಕೊಟ್ಟರು. ಎದುರುಮನೆಯವರು ಎತ್ತಿನ ಕೊರಳ ಗಂಟೆ ಬಿಚ್ಚಿಟ್ಟರು. ಅವರನ್ನು ನಾನು ಕೇಳಿಯೂ ಇರಲಿಲ್ಲ.

ಕೋಣೆಗೆ ಕಾಲಿಟ್ಟ ಅತ್ತೆ ಸುತ್ತ ನೋಡಿದಳು. "ಇದೇನ್ಲಾ, ಬಾಣಂತಿ ಕ್ವಾಣೆ ಮಾಡಿ ಮಡಗಿದ್ದೀಯ. ಯಾರಿಗೆ ಹೆರಿಗೆ?"

ಕಹಳೆಯ ಮುಂದೆ ಕೂತಳು. ಬಾಯಿ ತೆರೆದಳು, ಮುಚ್ಚಿದಳು. "ಕಲ್ಲೆಲ್ಲಿ? ಕೈ ಆಡ್ದಿದ್ರೆ ಪದ ಬರಾಕಿಲ್ಲ ಕಣ್ಲಾ."

ಸಾಲು ನೆನಪಿಸಲು ನಾನೇ ರಾಗ ಎಳೆದೆ. "ನೀನು ಸುಮ್ಕಿರು, ಬಂದಿದ್ದೂ ಹೋಗ್ತದೆ" ಎಂದಳು. ಅಷ್ಟರಲ್ಲಿ ನನ್ನ ಹೆಂಡತಿ ಗೌರಿ ಬೀಸುವ ಕಲ್ಲಿನ ಮರದ ಗೂಟ ಕಿತ್ತು ತಂದಳು. ಅದನ್ನು ದಿಂಬಿನ ಮೇಲೆ ನಿಲ್ಲಿಸಿ ಎದುರಿಗೆ ಕೂತು, "ಹಿಡ್ಕಳಿ ಅತ್ತೆ, ಇಬ್ರೂ ಬೀಸಾಣ" ಎಂದಳು. ಇಬ್ಬರೂ ಗೂಟ ಹಿಡಿದು ಇಲ್ಲದ ಕಲ್ಲನ್ನು ತಿರುಗಿಸತೊಡಗಿದರು. ಅತ್ತೆಯ ಕಣ್ಣು ತಾನಾಗಿ ಮುಚ್ಚಿತು, ಹಾಡು ಬಂತು. ಕಹಳೆ ಅಲುಗದಂತೆ ನಾನು ಬಗ್ಗಿ ಹಿಡಿದು ನಿಂತೆ.

ಹಾಡು ಮುಗಿದು ರಜಾಯಿ ಸರಿಸಿದರೆ ಬೀದಿಯೇ ಬಾಗಿಲಲ್ಲಿ ನಿಂತಿತ್ತು. ಚಂದ್ರಶೇಖರ ಯಂತ್ರ ತಿರುಗಿಸಿದ. ಕಲ್ಲಿಲ್ಲ, ಬಿಲ್ಲಿಲ್ಲ, ಅತ್ತೆಯ ದನಿ ಪಕ್ಕದಲ್ಲೇ ಕೂತಷ್ಟು ಸ್ಪಷ್ಟ. ಹಾಡಿನೊಳಗಿನ ಮಗಳು ತವರಿನ ಹೊಸಿಲು ದಾಟುವ ಸಾಲು ಬಂತು. ಅಲ್ಲಿ ದೊಡ್ಡದಾಗಿ "ಸೊರ್ರ್" ಎಂದಿತು. ಮುಂದಿನ ಸಾಲಿಗೆ ಇನ್ನೊಂದು. ಎಲ್ಲರೂ ನನ್ನ ಮೂಗನ್ನು ನೋಡಿದರು.

"ಭಾವ, ಊರನ್ನೆಲ್ಲ ಸುಮ್ಮನಿರಿಸಿದಿರಿ. ಇದೊಂದು ಬಿಟ್ಟುಹೋಯಿತು" ಎಂದ ಚಂದ್ರಶೇಖರ.

"ಇರ್ಲಿ ಬುಡಪ್ಪ" ಎಂದಳು ಅತ್ತೆ. "ಚಿಕ್ಕೋನಿದ್ದಾಗ್ಲೂ ಅಳ್ತಾನೇ ಕೇಳ್ತಿದ್ದ. ಈಗ ಹಾಡು ಸರಿಯಾಗೈತೆ."

ಅತ್ತೆ ಈಗಿಲ್ಲ. ಚಂದ್ರಶೇಖರ ಹೊಸ ಗ್ರಾಮಫೋನು ಕೊಂಡು ಹಳೆಯ ಯಂತ್ರವನ್ನು ನಮಗೇ ಕೊಟ್ಟ. ಮೇಣ ಸವೆದೀತೆಂದು ವರ್ಷಕ್ಕೊಮ್ಮೆ ಮಾತ್ರ ಹಾಕುತ್ತೇವೆ. ಇಮಾಂಸಾಬರು ಬಂದು ಜಗಲಿಯಲ್ಲಿ ಕೂರುತ್ತಾರೆ, ಎದುರುಮನೆಯವರೂ ಬರುತ್ತಾರೆ. ಅವರನ್ನೆಲ್ಲ ನೋಡಿದರೆ ನನಗೆ ಇಂದಿಗೂ ಮನಸ್ಸು ತುಂಬುತ್ತದೆ. ಹಾಡಿನುದ್ದಕ್ಕೂ ಕಿತ್ತಾಡುವ ನನ್ನ ಮಕ್ಕಳು ಮಾತ್ರ ಆ ಸಾಲು ಹತ್ತಿರ ಬಂದಾಗ ಒಬ್ಬರನ್ನೊಬ್ಬರು ತಿವಿದು, "ಸುಮ್ನಿರ್ರೋ, ಈಗ ಅಪ್ಪ ಬರ್ತಾರೆ" ಎನ್ನುತ್ತಾರೆ.